ಸಂಜೆಯ ಕಾಫಿ ಬದಲು ಹರ್ಬಲ್ ಟೀ: ಲಾಭ ಎಷ್ಟು, ಎಚ್ಚರ ಎಲ್ಲಿ?

ಪ್ರಶ್ನೆ: ನನಗೆ 47 ವರ್ಷ, ಹುಬ್ಬಳ್ಳಿಯಲ್ಲಿ ಬ್ಯಾಂಕ್ ಉದ್ಯೋಗಿ. ದಿನಕ್ಕೆ ಮೂರು ಕಾಫಿ, ಮೂರು ಚಹಾ ಆಗುತ್ತದೆ. ಕೊನೆಯ ಕಾಫಿ ಸಂಜೆ ಆರೂವರೆಗೆ, ಮನೆಗೆ ಬಂದ ಮೇಲೆ. ಒಂದು ವರ್ಷದಿಂದ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ, ಎದೆಯುರಿಯೂ ಇದೆ. ಬಿ.ಪಿ.ಗೆ ಆಮ್ಲೋಡಿಪಿನ್ ಮಾತ್ರೆ ನಡೆಯುತ್ತಿದೆ. ಹಿಮೋಗ್ಲೋಬಿನ್ 10.2 ಬಂದಿದ್ದರಿಂದ ಕಬ್ಬಿಣದ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ನಾದಿನಿ ಬೆಂಗಳೂರಿನಿಂದ ಹರ್ಬಲ್ ಟೀ ತಂದುಕೊಟ್ಟಿದ್ದಾಳೆ: ಕ್ಯಾಮೊಮೈಲ್, ದಾಸವಾಳ, ಪುದೀನ, ‘ಡಿಟಾಕ್ಸ್’ ಎಂದು ನಾಲ್ಕು ಡಬ್ಬಿ. ಶಿರಸಿ ಕಡೆಯವರಾದ ನಮ್ಮತ್ತೆ ‘ಅದೆಲ್ಲ ಯಾಕೆ, ನಮ್ಮ ಕಷಾಯ ಇಲ್ಲವೇ’ ಎನ್ನುತ್ತಾರೆ. ಕೆಫೀನ್ ಇಲ್ಲದ ಇಂಥ ಚಹಾ ಕುಡಿದರೆ ನಿಜಕ್ಕೂ ಪ್ರಯೋಜನವಿದೆಯೇ? ಯಾವುದು ಕುಡಿಯಲಿ? ಹೃದಯದ ಕವಾಟ ಬದಲಿಸಿಕೊಂಡು ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವ ನಮ್ಮ ಮಾವನವರೂ ಕುಡಿಯಬಹುದೇ?

ಉತ್ತರ: ಪ್ರಯೋಜನ ಖಂಡಿತ ಇದೆ. ನಿಮ್ಮ ವಿಷಯದಲ್ಲಿ ಅದರ ದೊಡ್ಡ ಪಾಲು ಸಂಜೆ ಆರೂವರೆಯ ಆ ಕಾಫಿ ತಪ್ಪುವುದರಿಂದಲೇ ಸಿಗುತ್ತದೆ. ಮೂಲಿಕೆಯ ಗುಣದ ಮಾತು ಆಮೇಲೆ. ಇದನ್ನು ಮೊದಲೇ ಹೇಳಲು ಕಾರಣವಿದೆ. ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ಹರ್ಬಲ್ ಟೀಯನ್ನು ಔಷಧಿಯೆಂದೇ ಕುಡಿಯುವವರಿದ್ದಾರೆ. ‘ಬರೀ ಸೊಪ್ಪು, ಬೇರು ತಾನೇ, ಏನಾದೀತು’ ಎಂದು ಲೆಕ್ಕವಿಲ್ಲದೆ ಕುಡಿಯುವವರೂ ಇದ್ದಾರೆ. ಬಿ.ಪಿ. ಮಾತ್ರೆ, ಕಬ್ಬಿಣದ ಮಾತ್ರೆ ಎರಡನ್ನೂ ನುಂಗುತ್ತಿರುವ ನಿಮಗೆ ಈ ಎರಡೂ ದಾರಿ ಹೊಂದುವುದಿಲ್ಲ. ನಿಮ್ಮ ನಾಲ್ಕು ಡಬ್ಬಿಗಳಲ್ಲಿ ಒಂದು ನಿಮಗೆ ನಿಜಕ್ಕೂ ಒಳ್ಳೆಯದು ಮಾಡಬಹುದು. ಇನ್ನೊಂದರ ಚೀಟಿಯನ್ನು ಓದದೆ ಮುಟ್ಟಲೇಬೇಡಿ. ಅತ್ತೆಯವರ ಕಷಾಯ ಬಹಳ ಒಳ್ಳೆಯ ಪಾನೀಯ, ಅದರಲ್ಲಿ ಒಂದು ಬೇರು ಸೇರಿಲ್ಲದಿದ್ದರೆ.

ಮೊದಲು ಕೆಫೀನ್ ಲೆಕ್ಕ ನೋಡೋಣ. ಮನೆಯ ಸಣ್ಣ ಲೋಟದ ಫಿಲ್ಟರ್ ಕಾಫಿಯಲ್ಲಿ ಸುಮಾರು 50ರಿಂದ 100 ಮಿಲಿಗ್ರಾಂ ಕೆಫೀನ್ ಇರುತ್ತದೆ. ಡಿಕಾಕ್ಷನ್ ಎಷ್ಟು ಗಟ್ಟಿ, ಪುಡಿಯಲ್ಲಿ ಚಿಕೋರಿ ಎಷ್ಟು ಎನ್ನುವುದರ ಮೇಲೆ ಇದು ಬದಲಾಗುತ್ತದೆ. ಚಹಾದಲ್ಲಿ 30ರಿಂದ 50 ಮಿಲಿಗ್ರಾಂ. ಅಂದರೆ ನಿಮ್ಮ ಆರು ಲೋಟ ಸೇರಿದರೆ 300-350ರ ಆಸುಪಾಸು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಗರ್ಭಿಣಿಯರಿಗೆ 200ರವರೆಗೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಆ ಲೆಕ್ಕಕ್ಕೆ ನೀವು ಗಡಿಯೊಳಗೇ ಇದ್ದೀರಿ. ಎಡವಟ್ಟಾಗುತ್ತಿರುವುದು ಹೊತ್ತಿನಲ್ಲಿ.

ನಾವು ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಗ್ರಾಹಕಗಳಿಗೆ (ಜೀವಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ತಾಣಗಳಿಗೆ) ಅಂಟಿದಾಗ ಜೋಂಪು ಹತ್ತುತ್ತದೆ, ಕಣ್ಣು ಎಳೆಯುತ್ತದೆ. ಕೆಫೀನ್ ಆ ಗ್ರಾಹಕಗಳ ಮೇಲೆ ತಾನೇ ಹೋಗಿ ಕೂತುಬಿಡುತ್ತದೆ. ದಣಿವು ಅಲ್ಲೇ ಇರುತ್ತದೆ, ಅದು ಮಿದುಳಿಗೆ ಗೊತ್ತಾಗುವುದಿಲ್ಲ ಅಷ್ಟೇ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಕೆಲವರಿಗೆ ಮೂರು, ಕೆಲವರಿಗೆ ಏಳು. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು ಹೊತ್ತು. ಆರೂವರೆಗೆ 80 ಮಿಲಿಗ್ರಾಂ ಒಳಗೆ ಹೋಗಿದ್ದರೆ ಹನ್ನೊಂದೂವರೆಗೆ 40 ಉಳಿದಿರುತ್ತದೆ, ಬೆಳಗಿನ ಜಾವ ನಾಲ್ಕೂವರೆಗೆ ಇನ್ನೂ 20. ಅದರ ಕೆಳಗೆ ಮಧ್ಯಾಹ್ನದ ಚಹಾಗಳ ಉಳಿಕೆಯೂ ಇದೆ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮಲಗುವ ಆರು ಗಂಟೆ ಮೊದಲೇ 400 ಮಿಲಿಗ್ರಾಂ ಕೆಫೀನ್ ಕೊಟ್ಟರೂ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಯಿತು. ನಿಮ್ಮ ಒಂದು ಲೋಟ ಅಷ್ಟು ದೊಡ್ಡ ಪ್ರಮಾಣವಲ್ಲ, ನಿಜ. ಆದರೆ ಸಂಜೆ ಕಾಫಿ ಕುಡಿದೂ ‘ನನಗೇನೂ ಆಗುವುದಿಲ್ಲ’ ಎನ್ನುವವರಲ್ಲೂ ಆಳದ ನಿದ್ದೆಯ ಹೊತ್ತು ತಗ್ಗುವುದುಂಟು. ಬೆಳಿಗ್ಗೆ ಎದ್ದಾಗ ಮೈ ಭಾರ, ಅದಕ್ಕೊಂದು ಗಟ್ಟಿ ಕಾಫಿ, ಹೀಗೆ ಚಕ್ರ ತಿರುಗುತ್ತದೆ.

ಆದ್ದರಿಂದ ಮಧ್ಯಾಹ್ನ ಎರಡರ ನಂತರ ಕೆಫೀನ್ ಬೇಡ. ಬೆಳಗಿನ ಎರಡು ಕಾಫಿಯನ್ನು ನಾನು ಬಿಡಿಸುವುದಿಲ್ಲ, ಬಿಡಿಸಬೇಕಾದ ಕಾರಣವೂ ಇಲ್ಲ. ಎದೆಯುರಿ ಇರುವುದರಿಂದ ಖಾಲಿ ಹೊಟ್ಟೆಯಲ್ಲಿ ಬೇಡ, ತಿಂಡಿ ತಿಂದು ಸ್ವಲ್ಪ ಹೊತ್ತಾದ ಮೇಲೆ ಕುಡಿಯಿರಿ. ಒಮ್ಮೆಲೇ ಆರರಿಂದ ಎರಡಕ್ಕೆ ಇಳಿಯಲೂ ಬೇಡಿ. ಕೆಫೀನ್ ದಿಢೀರನೆ ನಿಂತರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಿ, ಎರಡನೆಯ ದಿನ ಜೋರಾಗಿ, ಒಂದು ವಾರದವರೆಗೂ ಕಾಡಬಹುದು. ಕಿರಿಕಿರಿ, ಮಂಕು ಜೊತೆಗೆ. ‘ಹರ್ಬಲ್ ಟೀ ಶುರುಮಾಡಿದ ಮೇಲೆ ತಲೆನೋವು ಬಂತು’ ಎಂದು ನನ್ನ ಬಳಿ ಹೇಳುವವರಲ್ಲಿ ಹೆಚ್ಚಿನವರದು ಇದೇ ಕಥೆ. ಮೂರ್ನಾಲ್ಕು ದಿನಕ್ಕೊಂದರಂತೆ ಲೋಟ ಕಡಿಮೆ ಮಾಡಿ. ಸಂಜೆಯದರಿಂದ ಶುರುಮಾಡಿ ಹಿಂದಕ್ಕೆ ಬನ್ನಿ.

ಆ ಜಾಗಕ್ಕೆ ಬರುವ ಲೋಟದಲ್ಲಿ ಕೆಫೀನ್ ಇಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ. ಗ್ರೀನ್ ಟೀ ಹರ್ಬಲ್ ಟೀ ಅಲ್ಲ. ಅದು, ವೈಟ್ ಟೀ, ನಮ್ಮ ಮಾಮೂಲಿ ಚಹಾಪುಡಿ ಎಲ್ಲವೂ ಒಂದೇ ಗಿಡದ ಎಲೆ, ಎಲ್ಲದರಲ್ಲೂ ಕೆಫೀನ್ ಇದೆ. ‘ತುಳಸಿ ಗ್ರೀನ್ ಟೀ’, ‘ಪುದೀನ ಗ್ರೀನ್ ಟೀ’ ಎಂದು ಮಾರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಚಹಾ ಎಲೆಯೇ ಇರಬಹುದು. ಡಬ್ಬಿಯ ಹಿಂದಿನ ಪದಾರ್ಥಗಳ ಪಟ್ಟಿಯಲ್ಲಿ ಯಾವ ಹೆಸರು ಮೊದಲು ಬಂದಿದೆ ನೋಡಿ, ಅದೇ ಎಲ್ಲಕ್ಕಿಂತ ಹೆಚ್ಚಿರುವುದು. ಡಿಕಾಫ್ ಕಾಫಿಯಲ್ಲೂ ಅಲ್ಪಸ್ವಲ್ಪ ಕೆಫೀನ್ ಉಳಿದಿರುತ್ತದೆ. ದಕ್ಷಿಣ ಅಮೆರಿಕದ ಯೆರ್ಬಾ ಮಾಟೆ ಎಂಬ ಎಲೆಯಲ್ಲಂತೂ ಸಾಕಷ್ಟು ಇದೆ. ದಕ್ಷಿಣ ಆಫ್ರಿಕಾದ ರೂಯಿಬಾಸ್‌ನಲ್ಲಿ ಇಲ್ಲವೇ ಇಲ್ಲ. ಹಾಲು ಹಾಕಿದರೆ ಚಹಾದ ಬಣ್ಣವೂ ಬರುತ್ತದೆ, ಸಿಕ್ಕರೆ ಚಹಾಪ್ರಿಯರಿಗೆ ಒಳ್ಳೆಯ ಬದಲಿ.

ಈಗ ನಿಮ್ಮ ಡಬ್ಬಿಗಳಿಗೆ ಬರುತ್ತೇನೆ.

ದಾಸವಾಳದ ಟೀ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾಲ್ಕರಲ್ಲಿ ಗಟ್ಟಿ ಆಧಾರ ಇರುವುದು ಇದಕ್ಕೇ. ಮನೆಯಂಗಳದಲ್ಲಿ ಬೆಳೆದು ದೇವರಿಗೆ ಏರಿಸುವ ಕೆಂಪು ದಾಸವಾಳ ಇದಲ್ಲ. ಇದು ಅದೇ ಕುಟುಂಬದ ಬೇರೆ ಗಿಡ. ನಿಮ್ಮ ಕಡೆ ಜೋಳದ ರೊಟ್ಟಿಗೆ ಪಲ್ಯ ಮಾಡುವ ಪುಂಡಿಯ ಬಳಗದ್ದು. ಹೂವು ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ಉಳಿಯುವ ದಪ್ಪನೆಯ ಕೆಂಪು ಪುಷ್ಪಪಾತ್ರೆಯನ್ನು ಬಿಡಿಸಿ ಒಣಗಿಸುತ್ತಾರೆ. ಈಜಿಪ್ಟ್, ಸುಡಾನ್ ಕಡೆ ಅದರಿಂದ ಮಾಡುವ ಹುಳಿ ಪಾನೀಯಕ್ಕೆ ಕರ್ಕದೆ ಎನ್ನುತ್ತಾರೆ, ಮದುವೆ ಮನೆಯಲ್ಲೂ ಕೊಡುತ್ತಾರೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ಬಿ.ಪಿ. ಸ್ವಲ್ಪ ಹೆಚ್ಚಿದ್ದು ಅದಕ್ಕೆ ಮಾತ್ರೆ ತೆಗೆದುಕೊಳ್ಳದ 65 ಜನರ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನ ಆರು ವಾರ ದಿನಕ್ಕೆ ಮೂರು ಕಪ್ ಈ ಟೀ ಕುಡಿದರು, ಉಳಿದವರು ಅದರಂತೆ ರುಚಿಯಿದ್ದ ಬೇರೆ ಪಾನೀಯ. ಟೀ ಕುಡಿದವರ ಮೇಲಿನ ಬಿ.ಪಿ. ಸರಾಸರಿ 7.2 ಅಂಕ ಇಳಿಯಿತು, ಉಳಿದವರದು 1.3.

ಏಳು ಅಂಕ ಸಣ್ಣದಲ್ಲ. ಆದರೆ ಮಾತ್ರೆ ಬಿಡುವಷ್ಟು ದೊಡ್ಡದೂ ಅಲ್ಲ. ನಿಮ್ಮ ಆಮ್ಲೋಡಿಪಿನ್ ಮುಂದುವರಿಯಲಿ. ದಿನಕ್ಕೆ ಒಂದು ಲೋಟದಿಂದ ಶುರುಮಾಡಿ: ಒಂದು ಚಮಚ ಒಣ ಎಸಳಿಗೆ ಕುದಿಸಿ ಇಳಿಸಿದ ನೀರು ಹಾಕಿ, ಮುಚ್ಚಿ, ಐದಾರು ನಿಮಿಷ ಬಿಟ್ಟು ಸೋಸಿ. ಮನೆಯಲ್ಲಿ ಬಿ.ಪಿ. ಯಂತ್ರ ಇದ್ದರೆ ಎರಡು ವಾರ ಬೆಳಿಗ್ಗೆ-ಸಂಜೆ ನೋಡಿ ಬರೆದಿಡಿ. ಎದ್ದು ನಿಂತಾಗ ತಲೆ ತಿರುಗಿದರೆ ಬಿ.ಪಿ. ಅತಿಯಾಗಿ ಇಳಿಯುತ್ತಿರಬಹುದು, ಟೀ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಇದು ಒಳ್ಳೆಯ ಹುಳಿ. ಹೀಗಾಗಿ ಖಾಲಿ ಹೊಟ್ಟೆಗೆ ಬೇಡ, ರಾತ್ರಿ ಮಲಗುವ ಮುಂಚೆಯೂ ಬೇಡ. ಸಂಜೆ ನಾಲ್ಕೂವರೆಗೆ ಎರಡು ಬಿಸ್ಕತ್ತಿನ ಜೊತೆ ಹಿತ. ದಿನವಿಡೀ ಗುಟುಕು ಗುಟುಕಾಗಿ ಹೀರುತ್ತಾ ಕೂತರೆ ಹಲ್ಲಿನ ಎನಾಮಲ್ ಸವೆಯುತ್ತದೆ. ಒಮ್ಮೆ ಕುಡಿದು ಮುಗಿಸಿ ಬಾಯಿ ಮುಕ್ಕಳಿಸಿ. ಗರ್ಭಿಣಿಯರಿಗೆ ಇದು ಬೇಡ.

ಕ್ಯಾಮೊಮೈಲ್ ನಿದ್ದೆಗೆಂದೇ ಹೆಸರಾದದ್ದು. ಅದರಲ್ಲಿ ಎಪಿಜೆನಿನ್ ಎಂಬ ಅಂಶವಿದೆ, ಪ್ರಯೋಗಾಲಯದಲ್ಲಿ ಅದು ಮಿದುಳಿನ ಶಾಂತಗೊಳಿಸುವ ಗ್ರಾಹಕಗಳಿಗೆ ಅಂಟುವುದನ್ನು ಕಂಡಿದ್ದಾರೆ. ಮನುಷ್ಯರಲ್ಲಿ ಸಿಕ್ಕ ಫಲ ಮಾತ್ರ ಸಾಧಾರಣ. ತೈವಾನ್‌ನಲ್ಲಿ ನಿದ್ದೆ ಸರಿಯಿಲ್ಲದ 80 ಬಾಣಂತಿಯರ ಮೇಲೆ ನಡೆದ ಅಧ್ಯಯನದಲ್ಲಿ ಎರಡು ವಾರ ಈ ಟೀ ಕುಡಿದವರಿಗೆ ಸ್ವಲ್ಪ ಉಪಶಮನ ಕಂಡಿತು, ಕುಡಿಯುವುದು ನಿಂತ ಮೇಲೆ ಆ ವ್ಯತ್ಯಾಸ ಉಳಿಯಲಿಲ್ಲ. ನಿದ್ರಾಹೀನತೆ ಇದ್ದವರಿಗೆ ಅದರ ಸಾರವನ್ನು ಮಾತ್ರೆಯಾಗಿ ಕೊಟ್ಟು ನೋಡಿದ ಅಮೆರಿಕದ ಸಣ್ಣ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ಲಾಭವೇ ಕಾಣಲಿಲ್ಲ. ಆದರೂ ರಾತ್ರಿ ಊಟವಾಗಿ ಒಂದು ಗಂಟೆಯ ನಂತರ, ಮೊಬೈಲ್ ಬದಿಗಿಟ್ಟು, ದೀಪ ಸಣ್ಣದು ಮಾಡಿ, ಬೆಚ್ಚಗಿನ ಒಂದು ಲೋಟ ಕುಡಿಯುವ ರೂಢಿಗೇ ಬೆಲೆಯಿದೆ. ನಾನು ಅದನ್ನು ಸಂತೋಷದಿಂದ ಒಪ್ಪುತ್ತೇನೆ. ಒಂದು ಎಚ್ಚರ: ಕ್ಯಾಮೊಮೈಲ್ ಸೇವಂತಿಗೆಯ ಕುಟುಂಬದ ಹೂವು. ನಮ್ಮ ರಸ್ತೆಬದಿಯಲ್ಲೆಲ್ಲ ತುಂಬಿರುವ ಕಾಂಗ್ರೆಸ್ ಗಿಡವೂ ಅದೇ ಕುಟುಂಬದ್ದು. ಆ ಗಿಡದಿಂದ ತುರಿಕೆ, ಸೀನು, ಉಬ್ಬಸ ಬರುವವರಿಗೆ ಕ್ಯಾಮೊಮೈಲ್ ಕೂಡ ಅಲರ್ಜಿ ಮಾಡಬಹುದು. ಅಂಥವರು ದೂರವಿರುವುದೇ ಸರಿ.

ಪುದೀನ ಟೀ ಹೊಟ್ಟೆಯುಬ್ಬರಕ್ಕೆ ಹಿತ, ಎದೆಯುರಿಗೆ ಅಹಿತ. ಅನ್ನನಾಳದ ಕೆಳತುದಿಯ ಸ್ನಾಯುವನ್ನು ಅದು ಸಡಿಲಿಸುವುದರಿಂದ ಹೊಟ್ಟೆಯ ಆಮ್ಲ ಮೇಲಕ್ಕೆ ಬರಲು ಅನುಕೂಲವಾಗುತ್ತದೆ. ನಿಮಗೆ, ಅದರಲ್ಲೂ ಮಲಗುವ ಹೊತ್ತಿಗೆ, ಬೇಡ. (ಪಿಸಿಒಎಸ್ ಎಂಬ ಹಾರ್ಮೋನಿನ ಏರುಪೇರು ಇರುವ ಹೆಣ್ಣುಮಕ್ಕಳು ಮುಖದ ಮೇಲಿನ ಕೂದಲಿಗೆ ಪುದೀನ ಟೀ ಕುಡಿಯಬಹುದೇ ಎಂದು ಆಗಾಗ ಕೇಳುತ್ತಾರೆ. ದಿನಕ್ಕೆರಡು ಸಲ 30 ದಿನ ಕುಡಿದವರಲ್ಲಿ ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನು ಇಳಿದದ್ದು 2010ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನದಲ್ಲಿ ಕಂಡಿದೆ. ಕೂದಲು ಕಡಿಮೆಯಾದದ್ದು ವೈದ್ಯರ ಅಳತೆಗೆ ಸಿಗಲಿಲ್ಲ.)

‘ಡಿಟಾಕ್ಸ್’ ಡಬ್ಬಿಯ ಹಿಂಬದಿಯಲ್ಲಿ ಸೆನ್ನಾ ಅಥವಾ ಸೋನಾಮುಖಿ ಎಂಬ ಹೆಸರಿದೆಯೇ ನೋಡಿ. ಇದ್ದರೆ ಅದು ಭೇದಿಯ ಔಷಧಿ. ಕರುಳನ್ನು ಕೆರಳಿಸಿ ಹೊಟ್ಟೆ ಖಾಲಿ ಮಾಡಿಸುತ್ತದೆ, ಮರುದಿನ ತೂಕದ ಯಂತ್ರದಲ್ಲಿ ಕಡಿಮೆ ತೋರಿಸುವುದು ಹೊರಗೆ ಹೋದ ನೀರು. ಮಲಬದ್ಧತೆಗೆ ನಾಲ್ಕಾರು ದಿನ ಬಳಸುವುದು ಬೇರೆ. ತಿಂಗಳುಗಟ್ಟಲೆ ಕುಡಿದರೆ ಪೊಟ್ಯಾಸಿಯಂ ಇಳಿಯುತ್ತದೆ. ದೇಹದ ಕಲ್ಮಶ ತೆಗೆಯುವ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ಹಗಲೂರಾತ್ರಿ ಮಾಡುತ್ತಲೇ ಇವೆ. ಆ ಡಬ್ಬಿಯಲ್ಲಿ ಸೆನ್ನಾ ಇದ್ದರೆ ಎಸೆಯಿರಿ, ನಾದಿನಿಗೂ ತಿಳಿಸಿ.

ಇನ್ನು ಅತ್ತೆಯವರ ಕಷಾಯ. ಸಂಜೆಯ ಕಾಫಿಯ ಜಾಗಕ್ಕೆ ನನ್ನ ಮೊದಲ ಆಯ್ಕೆ ಇದೇ. ಕಾಫಿ ಕುಡಿದು ರೂಢಿಯಾದವರಿಗೆ ತೆಳ್ಳನೆಯ ಹೂವಿನ ನೀರು ಎರಡು ದಿನಕ್ಕೆ ಬೇಸರವಾಗುತ್ತದೆ. ಹುರಿದ ಕೊತ್ತಂಬರಿ ಬೀಜದ ಕಷಾಯಕ್ಕೆ ಕಾಫಿಯ ಹಾಗೇ ಕಂಪು, ಕಹಿ, ಹಾಲಿನೊಡನೆ ಹೊಂದುವ ಗುಣ ಇದೆ. ಒಂದು ಲೋಟ ಕೊತ್ತಂಬರಿ ಬೀಜ, ಕಾಲು ಲೋಟ ಜೀರಿಗೆ, ಅರ್ಧ ಚಮಚ ಮೆಂತ್ಯ, ನಾಲ್ಕು ಏಲಕ್ಕಿ, ಹೆಬ್ಬೆರಳಿನ ಗಾತ್ರದ ಒಣಶುಂಠಿ. ಕಾಳುಮೆಣಸು ಸಾಮಾನ್ಯವಾಗಿ ಒಂದು ಚಮಚ ಹಾಕುತ್ತಾರೆ, ಎದೆಯುರಿ ಇರುವ ನಿಮಗೆ ಏಳೆಂಟು ಕಾಳು ಸಾಕು. ಕೊತ್ತಂಬರಿ, ಜೀರಿಗೆ, ಮೆಂತ್ಯವನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು, ಏಕೆಂದರೆ ಜೀರಿಗೆ ಬೇಗ ಸೀಯುತ್ತದೆ, ಕೊತ್ತಂಬರಿಗೆ ಹೊತ್ತು ಬೇಕು. ಕೊತ್ತಂಬರಿ ಕಂದು ತಿರುಗಿ ಘಮ ಬಂದ ಕೂಡಲೇ ಇಳಿಸಿ, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿಯಲ್ಲೇ ಮಿಕ್ಸಿಗೆ ಹಾಕಿದರೆ ಪುಡಿ ಮುದ್ದೆಯಾಗಿ ಬೇಗ ಹಾಳಾಗುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಮೂರ್ನಾಲ್ಕು ನಿಮಿಷ ಕುದಿಸಿ, ಸ್ವಲ್ಪ ಹಾಲು ಹಾಕಿ ಸೋಸಿ. ಈ ಕಷಾಯ ಯಾವ ಕಾಯಿಲೆಯನ್ನೂ ವಾಸಿಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಕೆಫೀನ್ ಇಲ್ಲ, ಹೊಟ್ಟೆಗೆ ಹಗುರ, ನಿತ್ಯದ ಅಡುಗೆಯಲ್ಲಿ ನಾವು ತಿನ್ನುವ ಪದಾರ್ಥಗಳೇ. ದಿನಾ ಕುಡಿಯುವ ಪಾನೀಯಕ್ಕೆ ಇಷ್ಟು ಯೋಗ್ಯತೆ ಸಾಲದೇ?

ಆದರೆ ಅತ್ತೆಯವರನ್ನು ಒಂದು ಮಾತು ಕೇಳಿ: ಪುಡಿಗೆ ಜ್ಯೇಷ್ಠಮಧು ಹಾಕುತ್ತೀರಾ? ಮಲೆನಾಡು, ಕರಾವಳಿಯ ಅನೇಕ ಮನೆಗಳ ಕಷಾಯದ ಪುಡಿಯಲ್ಲಿ ಇದು ಇರುತ್ತದೆ. ಅತಿಮಧುರ ಎಂದೂ ಕರೆಯುತ್ತಾರೆ. ಗ್ರಂಥಿಗೆ ಅಂಗಡಿಯಲ್ಲಿ ಹಳದಿ ಕಡ್ಡಿಗಳ ಕಟ್ಟಾಗಿ ಸಿಗುತ್ತದೆ, ಕೆಮ್ಮಿಗೆ, ಗಂಟಲ ಕೆರೆತಕ್ಕೆ ನೆಮ್ಮದಿ ಕೊಡುತ್ತದೆ. ಡಬ್ಬಿಯ ಹರ್ಬಲ್ ಟೀಗಳಲ್ಲೂ ಸಕ್ಕರೆಯಿಲ್ಲದೆ ಸಿಹಿ ಬರಲೆಂದು ಇದನ್ನೇ ಸೇರಿಸುತ್ತಾರೆ, ‘ಲಿಕೋರಿಸ್’ ಎಂದು ಬರೆದಿರುತ್ತದೆ. ಬಿ.ಪಿ. ಇರುವವರು ದಿನಾ ಕುಡಿಯಬಾರದ ಬೇರು ಇದು.

ಏಕೆಂದು ವಿವರಿಸುತ್ತೇನೆ. ನಮ್ಮ ದೇಹದ ಕಾರ್ಟಿಸೋಲ್ ಹಾರ್ಮೋನು ಮೂತ್ರಪಿಂಡದಲ್ಲಿ ಉಪ್ಪು ಹಿಡಿದಿಡುವ ಗ್ರಾಹಕಗಳಿಗೆ ಅಂಟದಂತೆ ಅಲ್ಲಿ ಒಂದು ಕಿಣ್ವ ಅದನ್ನು ನಿಷ್ಕ್ರಿಯ ಮಾಡುತ್ತಿರುತ್ತದೆ. ಜ್ಯೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ (ಗ್ಲಿಸಿರೈಜಿಕ್ ಆಮ್ಲ ಎಂದೂ ಹೆಸರು) ಆ ಕಿಣ್ವವನ್ನೇ ತಡೆಯುತ್ತದೆ. ಆಗ ದೇಹ ಸೋಡಿಯಂ ಮತ್ತು ನೀರನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಬಿ.ಪಿ. ಏರುತ್ತದೆ, ಕಾಲು ಊದುತ್ತದೆ, ಮಾಂಸಖಂಡ ಸೋಲುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಗ್ಲಿಸಿರೈಜಿಕ್ ಆಮ್ಲ ದಿನಕ್ಕೆ 100 ಮಿಲಿಗ್ರಾಂ ಮೀರಬಾರದು ಎಂದು ಯುರೋಪಿನಲ್ಲಿ ಬಹಳ ಹಿಂದೆಯೇ ಸಲಹೆ ಕೊಟ್ಟಿದ್ದರು. 2024ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಅಷ್ಟೇ ಪ್ರಮಾಣವನ್ನು ಎರಡು ವಾರ ತಿಂದ ಆರೋಗ್ಯವಂತ ಯುವಜನರಲ್ಲೂ ಮೇಲಿನ ಬಿ.ಪಿ. ಸರಾಸರಿ 3.1 ಅಂಕ ಏರಿತು. ಬೇರಿನಲ್ಲಿ ಈ ಅಂಶ ಎಷ್ಟಿರುತ್ತದೆ ಎನ್ನುವುದು ಬೇರಿನಿಂದ ಬೇರಿಗೆ ಬಹಳ ವ್ಯತ್ಯಾಸವಾಗುತ್ತದೆ. ದಿನಕ್ಕೆ ಎರಡು ಲೋಟ ಗಟ್ಟಿ ಕಷಾಯದಲ್ಲಿ ಆ ಗಡಿ ಮುಟ್ಟುವುದು ಕಷ್ಟವೇನಲ್ಲ. ಆಮ್ಲೋಡಿಪಿನ್ ಮಾತ್ರೆಯಿಂದಲೂ ಕೆಲವರಿಗೆ ಕಣಕಾಲು ಊದುವುದರಿಂದ, ಊತ ಕಂಡಾಗ ಎಲ್ಲರೂ ಮಾತ್ರೆಯನ್ನೇ ಶಂಕಿಸುತ್ತಾರೆ, ಕಷಾಯದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಿಗಂತೂ ಪೊಟ್ಯಾಸಿಯಂ ಎರಡು ಕಡೆಯಿಂದ ಸೋರಿಹೋಗುತ್ತದೆ. ನಿಮಗೆ ಜ್ಯೇಷ್ಠಮಧು ಇಲ್ಲದ ಪುಡಿ ಬೇರೆ ಮಾಡಿಕೊಡಲು ಹೇಳಿ. ಅತ್ತೆಯವರಿಗೂ ಬಿ.ಪಿ. ಇದ್ದರೆ ಅವರಿಗೂ ಅದೇ.

ಅಮೃತಬಳ್ಳಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಮನೆಮನೆಯಲ್ಲೂ ಕುದಿಸಿ ಕುಡಿದರು. ಹಾಗೆ ಕುಡಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಅವರು ಕುಡಿದದ್ದು ಅಮೃತಬಳ್ಳಿಯೇ ಅಥವಾ ಅದನ್ನು ಹೋಲುವ ಇನ್ನೊಂದು ಬಳ್ಳಿಯೇ ಎಂದು ಆಯುಷ್ ಸಚಿವಾಲಯ ಪ್ರಶ್ನಿಸಿತು. ಆ ವಾದ ಏನೇ ಇರಲಿ, ಬಳ್ಳಿಯನ್ನು ಸರಿಯಾಗಿ ಗುರುತಿಸಲಾರದ ನಮಗೆ ಪಾಠ ಒಂದೇ: ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬಿದ್ದು ಬರುವ ಥೈರಾಯ್ಡ್, ಸಂಧಿವಾತದಂಥ ತೊಂದರೆ ಇರುವವರು, ಯಕೃತ್ತಿನ ಕಾಯಿಲೆ ಇರುವವರು ವೈದ್ಯರ ಸಲಹೆಯಿಲ್ಲದೆ ಅದನ್ನು ನಿತ್ಯ ಕುಡಿಯಬಾರದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಹಿಮೋಗ್ಲೋಬಿನ್ನಿನ ಆ 10.2. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಊಟದ ಜೊತೆ ಅಥವಾ ಊಟವಾದ ತಕ್ಷಣ ಚಹಾ ಕುಡಿದರೆ ಸೊಪ್ಪು, ರಾಗಿ, ಕಾಳುಗಳ ಕಬ್ಬಿಣ ದೇಹಕ್ಕೆ ಹತ್ತುವುದಿಲ್ಲ ಎಂಬುದು ಹಲವರಿಗೆ ಗೊತ್ತು. ಹರ್ಬಲ್ ಟೀಯೂ ಹಾಗೇ ಮಾಡುತ್ತದೆ ಎಂಬುದು ಅಷ್ಟು ಗೊತ್ತಿಲ್ಲ. 1999ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಬ್ರೆಡ್ಡಿನ ಜೊತೆ ಬೇರೆಬೇರೆ ಪಾನೀಯ ಕೊಟ್ಟು ಅಳೆದರು. ಮಾಮೂಲಿ ಚಹಾ ಕಬ್ಬಿಣದ ಹೀರುವಿಕೆಯನ್ನು ಶೇ. 79ರಿಂದ 94ರಷ್ಟು ತಗ್ಗಿಸಿತು. ಪೆಪ್ಪರ್‌ಮಿಂಟ್ ಪುದೀನ ಟೀ ಶೇ. 84, ಕ್ಯಾಮೊಮೈಲ್ ಶೇ. 47. ಇದಕ್ಕೆ ಕಾರಣ ಪಾಲಿಫಿನಾಲ್‌ಗಳು, ಡಬ್ಬಿಯ ಮೇಲೆ ಆಂಟಿ ಆಕ್ಸಿಡೆಂಟ್ ಎಂದು ಹೊಗಳಿಸಿಕೊಳ್ಳುವ ಅಂಶಗಳೇ. ಹೀಗಾಗಿ ಕಾಫಿ, ಚಹಾ, ಹರ್ಬಲ್ ಟೀ, ಕಷಾಯ ಯಾವುದೇ ಆಗಲಿ, ಊಟಕ್ಕೂ ಅದಕ್ಕೂ ಒಂದು ಗಂಟೆಯಾದರೂ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಇವುಗಳ ಜೊತೆಗಾಗಲಿ ಹಾಲಿನ ಜೊತೆಗಾಗಲಿ ನುಂಗಬೇಡಿ. ನೀರಿನ ಜೊತೆ ತೆಗೆದುಕೊಳ್ಳಿ, ಹೊಟ್ಟೆಗೆ ಒಗ್ಗಿದರೆ ನಿಂಬೆಹಣ್ಣಿನ ನೀರು ಇನ್ನೂ ಒಳ್ಳೆಯದು. ಊಟದ ಮೇಲೂ ನಿಂಬೆರಸ ಹಿಂಡಿಕೊಳ್ಳಿ. ತಿಂಗಳ ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಏಕೆಂದರೆ ಸೋರುವುದು ನಿಲ್ಲದೆ ಮಾತ್ರೆಯೊಂದರಿಂದ ಹಿಮೋಗ್ಲೋಬಿನ್ ಏರುವುದಿಲ್ಲ.

ಬೆಲ್ಲದ ವಿಚಾರ. ಕಷಾಯಕ್ಕೆ ಸಕ್ಕರೆ ಬದಲು ಬೆಲ್ಲ ಹಾಕಿದರೆ ಲೆಕ್ಕಕ್ಕಿಲ್ಲ ಎನ್ನುವವರು ಬಹಳ. ಬೆಲ್ಲದ ಹೆಚ್ಚಿನ ಪಾಲು ಸಕ್ಕರೆಯೇ. ಅದರ ಕಬ್ಬಿಣದಿಂದ ನಿಮ್ಮ ರಕ್ತಹೀನತೆ ನೀಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆದರ್ಶ ಮಿತಿ ದಿನಕ್ಕೆ ಸುಮಾರು 25 ಗ್ರಾಂ. ಹೆಬ್ಬೆರಳು ಗಾತ್ರದ ಬೆಲ್ಲದ ತುಂಡನ್ನು ಮೂರು ಲೋಟಕ್ಕೂ ಹಾಕಿದರೆ ಅದು ಅಲ್ಲೇ ಮುಗಿಯುತ್ತದೆ. ಸಿಹಿ ಇಲ್ಲದೆ ಆಗುವುದೇ ಇಲ್ಲವೆಂದರೆ ಒಂದು ಲೋಟಕ್ಕೆ ಸಣ್ಣ ಚೂರು ಸಾಕು.

ಒಲೆಯಿಂದ ಇಳಿಸಿದ್ದನ್ನು ಹಾಗೇ ಕುಡಿಯಬೇಡಿ. 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರಿಗೆ ಸಂಭವನೀಯ ಕಾರಣಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಸೇರಿಸಿದೆ. ಅಲ್ಲಿ ಹೇಳಿರುವುದು ಬಿಸಿಯ ಮಾತು, ಅದು ಯಾವ ಪಾನೀಯಕ್ಕೂ ಅನ್ವಯ. ಡವರಾ-ಲೋಟದಲ್ಲಿ ಎರಡು ಸಲ ಎತ್ತಿ ಆರಿಸಿ, ಒಂದೆರಡು ನಿಮಿಷ ಬಿಟ್ಟು ಕುಡಿಯಿರಿ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಬಾರದೆ ಮೂರು ತಿಂಗಳು ಕಳೆದರೆ ಅದಕ್ಕೆ ಟೀ ಸಾಲದು, ಚಿಕಿತ್ಸೆ ಬೇಕು. ನಿದ್ದೆಯ ಅಭ್ಯಾಸಗಳನ್ನು ತಿದ್ದುವ ಆಪ್ತಸಮಾಲೋಚನೆ ಮಾತ್ರೆಗಿಂತ ಮೊದಲು ಬರಬೇಕಾದದ್ದು, ಅದರಿಂದ ಒಳ್ಳೆಯ ಫಲ ಸಿಗುತ್ತದೆ. ನಡುರಾತ್ರಿ ಮೈ ಬಿಸಿಯೇರಿ ಬೆವತು ಎಚ್ಚರವಾಗುತ್ತಿದ್ದರೆ ಅದು ಮುಟ್ಟು ನಿಲ್ಲುವ ಕಾಲದ ಲಕ್ಷಣವಿರಬಹುದು. ಜೋರು ಗೊರಕೆ ಇದ್ದು ಹಗಲು ತೂಕಡಿಕೆ ಬರುತ್ತಿದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯೇ ಎಂದು ಪರೀಕ್ಷೆ ಮಾಡಿಸಬೇಕು, ಬಿ.ಪಿ. ಹತೋಟಿಗೆ ಬಾರದಿರಲು ಅದೂ ಒಂದು ಕಾರಣ.

ಕೊನೆಯದಾಗಿ ನಿಮ್ಮ ಮಾವನವರು. ಕವಾಟ ಬದಲಿಸಿದವರಿಗೆ ಸಾಮಾನ್ಯವಾಗಿ ಕೊಡುವುದು ವಾರ್ಫರಿನ್ ಅಥವಾ ಅಸಿಟ್ರಾಮ್. ಈ ಮಾತ್ರೆಗಳ ಪ್ರಮಾಣ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ರಕ್ತಸ್ರಾವ ಅಥವಾ ಹೆಪ್ಪುಗಟ್ಟುವಿಕೆ, ಎರಡರಲ್ಲೊಂದು ಆಗಬಹುದು. ವಾರ್ಫರಿನ್ ತೆಗೆದುಕೊಳ್ಳುತ್ತಿದ್ದ ಕೆನಡಾದ 70 ವರ್ಷದ ಮಹಿಳೆಯೊಬ್ಬರು ಕ್ಯಾಮೊಮೈಲ್ ಟೀ ಕುಡಿದು, ಅದರ ಲೋಷನ್ನನ್ನೂ ಹಚ್ಚಿಕೊಂಡ ಮೇಲೆ ಒಳರಕ್ತಸ್ರಾವವಾಗಿ ಆಸ್ಪತ್ರೆ ಸೇರಿದ ಪ್ರಕರಣ 2006ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಆದ್ದರಿಂದ ನಿಮ್ಮ ನಾಲ್ಕು ಡಬ್ಬಿಗಳಲ್ಲಿ ಒಂದೂ ಅವರಿಗೆ ಬೇಡ. ಗಟ್ಟಿ ಶುಂಠಿ ಕಷಾಯ, ಅರಿಸಿನದ ಕಷಾಯ, ಜ್ಯೇಷ್ಠಮಧು ಕೂಡ ಬೇಡ. ಅಡುಗೆಗೆ ಹಾಕುವ ಪ್ರಮಾಣದ ಶುಂಠಿ-ಅರಿಸಿನಕ್ಕೆ ಅಡ್ಡಿಯಿಲ್ಲ. ಕೊತ್ತಂಬರಿ-ಜೀರಿಗೆಯ ತೆಳ್ಳನೆಯ ಕಷಾಯ ಈಗಾಗಲೇ ದಿನಾ ಒಂದು ಲೋಟ ಕುಡಿಯುತ್ತಿದ್ದರೆ ಅದೇ ಅಳತೆಯಲ್ಲಿ ಮುಂದುವರಿಸಲಿ. ಒಂದು ವಾರ ನಾಲ್ಕು ಲೋಟ, ಮರುವಾರ ಏನೂ ಇಲ್ಲ ಎಂದಾಗಬಾರದು. ಹೊಸದಾಗಿ ಶುರುಮಾಡುವುದಿದ್ದರೆ ಮೊದಲು ಹೃದ್ರೋಗ ತಜ್ಞರನ್ನು ಕೇಳಿ, ಶುರುಮಾಡಿದ ಒಂದು ವಾರಕ್ಕೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ) ಪರೀಕ್ಷೆ ಮಾಡಿಸಿ. ವಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ, ಕಪ್ಪು ಮಲ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ, ಹೋಗುವಾಗ ಅವರು ಕುಡಿಯುತ್ತಿದ್ದ ಪುಡಿಯ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ.